ಪ್ರತಿಕ್ರಿಯೆ: ಅಕ್ಕನ ಮಗ ಮೋಟೋಜಿಪಿ ಮುಟ್ಟಬಹುದಾ?

ಸರ್, 15 ವರ್ಷದ ಹುಡುಗ, ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಟ್ರ್ಯಾಕಲ್ಲಿ ಎರಡು ಸಲ ಪೋಡಿಯಂ ಹತ್ತಿದ್ದಾನೆ (ಮೊದಲ ಮೂರರೊಳಗೆ ಬಂದಿದ್ದಾನೆ), ಮುಂದೆ ಮೋಟೋಜಿಪಿಗೆ, ಅಂದ್ರೆ ಬೈಕ್ ರೇಸಿನ ವಿಶ್ವ ಚಾಂಪಿಯನ್‌ಶಿಪ್‌ನ ಅತಿ ಮೇಲಿನ ವರ್ಗಕ್ಕೆ, ಹೋಗಬಹುದಾ ಅಂತ ಕೇಳಿದ್ದೀರಿ. ಕಷ್ಟ ಇದೆ. ಸ್ಪೇನಿನ ಪೆಡ್ರೊ ಅಕೋಸ್ಟಾ 2021ರಲ್ಲಿ, 17ಕ್ಕೇ ಮೋಟೋ3 (ಆ ಚಾಂಪಿಯನ್‌ಶಿಪ್‌ನ ಕೆಳಗಿನ ವರ್ಗ) ಚಾಂಪಿಯನ್. 2023ರಲ್ಲಿ ಅದರ ಮೇಲಿನ ಮೋಟೋ2 ಚಾಂಪಿಯನ್, ಮರುವರ್ಷವೇ ಮೋಟೋಜಿಪಿಗೆ ಪ್ರವೇಶ. ಪೈಪೋಟಿ ಅಂಥವರ ಜೊತೆ.

ಬೆಂಗಳೂರಲ್ಲಂತೂ ರೇಸ್ ಟ್ರ್ಯಾಕೇ ಇಲ್ಲ. ಬೈಕನ್ನು ಟೆಂಪೋಗೆ ಹಗ್ಗ ಬಿಗಿದು ಕಟ್ಟಿ, ರಾತ್ರೋರಾತ್ರಿ ಹೊಸೂರು ದಾಟಬೇಕು. ನಾನೂ ಮೂರು ವರ್ಷ ಹಾಗೆ ಓಡಾಡಿದವನೇ. ಟೈರಿನ ಖರ್ಚಿಗೇ ಸುಸ್ತಾಗಿ ಬಿಟ್ಟೆ.

ಏಷ್ಯಾ ಮಟ್ಟದ ಹುಡುಗರ ರೇಸ್‌ಗಳ ಆಯ್ಕೆಗೆ ಈಗಲೇ ಕಳಿಸಿ, ತಡ ಮಾಡಬೇಡಿ. ಮಣ್ಣಿನ ದಾರಿ ಹಿಡಿಸಿದರೆ ಅದೂ ಇದೆ: ನಮ್ಮೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಾಕರ್ (ಮರುಭೂಮಿ, ಕಾಡುದಾರಿಗಳ ಬಲು ದೂರದ ರ್ಯಾಲಿ) ಮುಗಿಸಿದರು, ಐಶ್ವರ್ಯ ಪಿಸ್ಸೆ 2019ರಲ್ಲಿ ಬಾಹಾ (ಅಂಥದ್ದೇ, ಆದರೆ ಚಿಕ್ಕ ರ್ಯಾಲಿ) ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದರು.

ಅಂದಹಾಗೆ, ನಂದಿ ಬೆಟ್ಟದ ತಿರುವುಗಳಲ್ಲಿ ಪ್ರಾಕ್ಟೀಸ್ ಮಾಡ್ತಾನೆ ಅಂದ್ರಲ್ಲ, ಅದನ್ನ ಇವತ್ತೇ ನಿಲ್ಲಿಸಿ.