ಥ್ಯಾಂಕ್ಸ್‌ಗಿವಿಂಗ್ ಟಿಕೆಟ್ ಈಗಲೇ ತೆಗೆಯಬೇಡಿ

ಮಗ ಸ್ಕೂಲಿನ ಮಾರ್ಚಿಂಗ್ ಬ್ಯಾಂಡ್‌ನಲ್ಲಿದ್ದಾನೆ, ಅಲ್ಲಿನ (ಅಮೆರಿಕನ್) ಫುಟ್‌ಬಾಲ್ ಟೀಮು ಡಿಸ್ಟ್ರಿಕ್ಟ್‌ನಲ್ಲಿ ಮೂರನೇ ಸ್ಥಾನಕ್ಕೆ ಬಂದರೂ ಪ್ಲೇಆಫ್‌ಗೆ ಹೋಗಿದೆ, ಅದೂ ‘ಡಿವಿಷನ್ 2’ ಅಂತೆ, ಇದು ಎರಡನೇ ದರ್ಜೆಯಾ ಅಂತ ಕೇಳಿದ್ದೀರಿ. ಜೊತೆಗೆ, ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ರಜೆಗೆ ನ್ಯೂಜೆರ್ಸಿಯ ಅಕ್ಕನ ಮನೆಗೆ ಟಿಕೆಟ್ ತೆಗೆಯಬಹುದಾ ಅಂತ. ಟಿಕೆಟ್ ಸದ್ಯಕ್ಕೆ ಬೇಡ. ಯಾಕೆ ಅಂತ ಹೇಳುತ್ತೇನೆ.

ನಾನು ಡಲ್ಲಾಸ್ ಕಡೆಗೆ ಬಂದು ಹತ್ತೊಂಬತ್ತು ವರ್ಷವಾಯಿತು. ಮೊದಲೆರಡು ವರ್ಷ ಡಿಸ್ಟ್ರಿಕ್ಟ್ ಅಂದರೆ ನಮ್ಮ ಸ್ಕೂಲ್ ಡಿಸ್ಟ್ರಿಕ್ಟ್ (ಊರಿನ ಸರ್ಕಾರಿ ಸ್ಕೂಲುಗಳ ಆಡಳಿತ) ಅಂತಲೇ ಅಂದುಕೊಂಡಿದ್ದೆ. ಅದಲ್ಲ. ಟೆಕ್ಸಸ್‌ನಲ್ಲಿ ಸ್ಕೂಲುಗಳ ಪಂದ್ಯಗಳನ್ನು ನಡೆಸುವುದು ಯುಐಎಲ್ (ಯೂನಿವರ್ಸಿಟಿ ಇಂಟರ್‌ಸ್ಕೊಲಾಸ್ಟಿಕ್ ಲೀಗ್) ಅನ್ನುವ ಸಂಸ್ಥೆ. ಅವರು ಮೊದಲು ಸ್ಕೂಲುಗಳನ್ನು ಮಕ್ಕಳ ಸಂಖ್ಯೆ ನೋಡಿ 1ಎಯಿಂದ 6ಎವರೆಗೆ ವಿಂಗಡಿಸುತ್ತಾರೆ. ಸುಮಾರು 2,200ಕ್ಕಿಂತ ಜಾಸ್ತಿ ಮಕ್ಕಳಿರುವ ನಿಮ್ಮಂಥ ಸ್ಕೂಲು 6ಎ. ಪುಟ್ಟ ಊರುಗಳ 1ಎ ಸ್ಕೂಲುಗಳಲ್ಲಿ ಹನ್ನೊಂದು ಹುಡುಗರನ್ನು ಕೂಡಿಸುವುದೇ ಕಷ್ಟ, ಹಾಗಾಗಿ ಅಲ್ಲಿ ಆರಾರು ಜನರ ಫುಟ್‌ಬಾಲ್. ಆಮೇಲೆ ಅಕ್ಕಪಕ್ಕದ ಏಳೆಂಟು ಸ್ಕೂಲು ಸೇರಿಸಿ ಒಂದು ನಂಬರ್ ಕೊಡುತ್ತಾರೆ. ಅದೇ ಈ ‘ಡಿಸ್ಟ್ರಿಕ್ಟ್’. ಎರಡು ವರ್ಷಕ್ಕೊಮ್ಮೆ ಎಲ್ಲವನ್ನೂ ಕಲಸಿ ಹೊಸದಾಗಿ ಹಂಚುತ್ತಾರೆ. ಫೆಬ್ರವರಿಯಲ್ಲಿ ಆ ಪಟ್ಟಿ ಬರುವ ದಿನ ಕೋಚ್‌ಗಳ ಪರದಾಟ ನೋಡಬೇಕು. ಡಿಸ್ಟ್ರಿಕ್ಟ್ ಪಂದ್ಯವಿಲ್ಲದ ಖಾಲಿ ವಾರಗಳಿಗೆ ಎದುರಾಳಿ ಹುಡುಕಿಕೊಂಡು ಫೋನ್ ಮೇಲೆ ಫೋನ್!

ಪ್ಲೇಆಫ್‌ಗೆ ಲೆಕ್ಕಕ್ಕೆ ಬರುವುದು ಡಿಸ್ಟ್ರಿಕ್ಟ್ ಒಳಗಿನ ಪಂದ್ಯಗಳು ಮಾತ್ರ. ಒಂದು ವರ್ಷ ನಮ್ಮ ಮಗಳ ಸ್ಕೂಲು ಮೊದಲ ಮೂರೂ ಮ್ಯಾಚ್ ಸೋತಿತ್ತು. ಈ ಸಲ ಮುಗೀತು ಬಿಡಿ ಅಂತ ಆಫೀಸಿನಲ್ಲಿ ಹೇಳಿದೆ. ಪಕ್ಕದವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಡಿಸ್ಟ್ರಿಕ್ಟ್ ಇನ್ನೂ ಶುರುವೇ ಆಗಿಲ್ಲವಲ್ಲ’ ಅಂದ. ನವೆಂಬರ್‌ನಲ್ಲಿ ಅದೇ ಟೀಮು ಎರಡನೇ ಸ್ಥಾನದಲ್ಲಿತ್ತು.

ನಮ್ಮೂರ ಸ್ಕೂಲ್ ಕಬಡ್ಡಿಯಲ್ಲಿ ತಾಲ್ಲೂಕು ಗೆದ್ದವರಷ್ಟೇ ಜಿಲ್ಲೆಗೆ ಹೋಗುವುದು, ಅಲ್ವಾ? ಇಲ್ಲಿ ಕೈ ದೊಡ್ಡದು. ಡಿಸ್ಟ್ರಿಕ್ಟ್‌ನ ಮೊದಲ ನಾಲ್ಕು ಟೀಮಿಗೆ ಜಾಗ ಇದೆ (1ಎಯಲ್ಲಿ ಮಾತ್ರ ಎರಡಕ್ಕೆ). ಇಬ್ಬರ ಲೆಕ್ಕ ಸಮವಾದರೆ ಅವರಿಬ್ಬರ ನಡುವಿನ ಮ್ಯಾಚ್ ಗೆದ್ದವರು ಮುಂದೆ. ಮೂವರು ಸಮವಾದರೆ ಆಯಾ ಡಿಸ್ಟ್ರಿಕ್ಟ್ ಮೊದಲೇ ಬರೆದಿಟ್ಟ ನಿಯಮ. ಕೆಲವು ಸಲ ಕೊನೆಗೆ ನಾಣ್ಯ ಚಿಮ್ಮಿ ತೀರ್ಮಾನಿಸುವುದೂ ಉಂಟು.

ಈಗ ನಿಮ್ಮ ಡಿವಿಷನ್ ವಿಷಯ. ಕಾಲೇಜು ಕ್ರೀಡೆಯ ಡಿವಿಷನ್ 1, 2 ಕೇಳಿದವರಿಗೆಲ್ಲ ಇಲ್ಲಿ ಗೊಂದಲ ಆಗುತ್ತದೆ. ಇದಕ್ಕೂ ಆಟದ ಮಟ್ಟಕ್ಕೂ ಸಂಬಂಧವಿಲ್ಲ, ಬರೀ ತಲೆ ಎಣಿಕೆ. ಚಿಕ್ಕ ವರ್ಗಗಳಲ್ಲಿ ಯಾರು ಯಾವ ಡಿವಿಷನ್ ಅಂತ ಸೀಸನ್‌ಗೆ ಮುಂಚೆಯೇ ಗೊತ್ತಿರುತ್ತದೆ. 6ಎಯಲ್ಲಿ ಮಾತ್ರ ಪಂದ್ಯಗಳೆಲ್ಲ ಮುಗಿದ ಮೇಲೆ ಆ ನಾಲ್ಕು ಟೀಮುಗಳನ್ನು ಸೀಳುತ್ತಾರೆ. ಮಕ್ಕಳು ಜಾಸ್ತಿ ಇರುವ ಎರಡು ಸ್ಕೂಲು ಡಿವಿಷನ್ 1ಕ್ಕೆ, ಕಡಿಮೆ ಇರುವ ಎರಡು ಡಿವಿಷನ್ 2ಕ್ಕೆ. ಇದರಲ್ಲೊಂದು ತಮಾಷೆ ಇದೆ. ನಿಮ್ಮ ಡಿಸ್ಟ್ರಿಕ್ಟ್‌ನಲ್ಲಿ ಮೊದಲೆರಡು ಸ್ಥಾನ ಪಡೆದವರು ದೊಡ್ಡ ಸ್ಕೂಲುಗಳಾಗಿದ್ದರೆ ಅವರಿಬ್ಬರೂ ಆ ಕಡೆ ಹೋಗುತ್ತಾರೆ. ಮೂರನೆಯವರಾದ ನೀವು ಡಿವಿಷನ್ 2ರಲ್ಲಿ ನಿಮ್ಮ ಡಿಸ್ಟ್ರಿಕ್ಟ್‌ನ ನಂಬರ್ ಒನ್! ಪಕ್ಕದ ಡಿಸ್ಟ್ರಿಕ್ಟ್‌ನಿಂದ ಡಿವಿಷನ್ 2ಕ್ಕೆ ಬಂದ ಇಬ್ಬರಲ್ಲಿ ಎರಡನೆಯವರು ನಿಮಗೆ ಎದುರಾಳಿ. ಇದು ನ್ಯಾಯವಾ ಅಂತ ಇಲ್ಲಿನವರೂ ಜಗಳವಾಡುತ್ತಾರೆ. ನನಗಂತೂ ಇಷ್ಟ. ಚಿಕ್ಕ ಸ್ಕೂಲಿಗೂ ಡಿಸೆಂಬರ್‌ವರೆಗೆ ಆಡುವ ಆಸೆ ಉಳಿಯುತ್ತದೆ.

6ಎಯಲ್ಲಿ 32 ಡಿಸ್ಟ್ರಿಕ್ಟ್, ತಲಾ ನಾಲ್ಕರಂತೆ 128 ಟೀಮು, ಒಂದೊಂದು ಡಿವಿಷನ್‌ಗೆ 64. ಸೋತರೆ ಮನೆಗೆ. ಹಾಗಾಗಿ ಕಪ್ ಗೆಲ್ಲಲು ಆರು ವಾರ ಗೆಲ್ಲಬೇಕು. ಮೊದಲ ಸುತ್ತು ನವೆಂಬರ್ ಮಧ್ಯದಲ್ಲಿ, ಎರಡನೆಯದು ಮುಂದಿನ ವಾರ. ಮೂರನೆಯದು ಸರಿಯಾಗಿ ಥ್ಯಾಂಕ್ಸ್‌ಗಿವಿಂಗ್ ವಾರಾಂತ್ಯಕ್ಕೆ! ಟೀಮು ಹೋದಲ್ಲಿಗೆ ಬ್ಯಾಂಡೂ ಹೋಗುತ್ತದೆ. ಒಂದು ವರ್ಷ ನಾವು ಆ ಶುಕ್ರವಾರ ಸ್ಟೇಡಿಯಂ ಪಾರ್ಕಿಂಗ್‌ನಲ್ಲಿ, ಕಾರಿನ ಡಿಕ್ಕಿ ತೆರೆದುಕೊಂಡು, ತಣ್ಣಗಾದ ಪುಳಿಯೋಗರೆ ತಿಂದಿದ್ದೇವೆ.

ಟಿಕೆಟ್ ತೆಗೆಯಲೇಬೇಕು ಅಂದರೆ ದುಡ್ಡು ವಾಪಸ್ ಬರುವಂಥದ್ದು ನೋಡಿ. ಇಲ್ಲದಿದ್ದರೆ ಕ್ರಿಸ್‌ಮಸ್‌ಗೆ ಬರುತ್ತೇವೆ ಅಂತ ಅಕ್ಕನಿಗೆ ಹೇಳಿಬಿಡಿ. ಡಿಸೆಂಬರ್ 20ರ ಆಸುಪಾಸಿಗೆ ಆರ್ಲಿಂಗ್ಟನ್‌ನ ಎಟಿ ಅಂಡ್ ಟಿ ಸ್ಟೇಡಿಯಂನಲ್ಲಿ ಫೈನಲ್ ಮುಗಿದಿರುತ್ತದೆ. ನಿಮ್ಮ ಹುಡುಗ ಅಲ್ಲಿಯವರೆಗೆ ಹೋದರೆ ನನಗೂ ಒಂದು ಫೋನ್ ಮಾಡಿ, ನಾವೂ ಬರುತ್ತೇವೆ.