ಅಮ್ಮ ದಾವಣಗೆರೆಯಲ್ಲಿ ಹಣ್ಣಿನ ಗಾಡಿ ಇಟ್ಟಿದ್ದಾರೆ, ಬೀದಿ ವ್ಯಾಪಾರಿ ಕಾರ್ಡ್ ಇಲ್ಲ. ಇದ್ದಕ್ಕಿದ್ದಂತೆ ಎಬ್ಬಿಸಬಹುದಾ?

ಎಬ್ಬಿಸುವಂತಿಲ್ಲ ಎಂದು ಒಂದೇ ಮಾತಲ್ಲಿ ಹೇಳಿಬಿಡಲು ನನಗೂ ಆಸೆ. ಆದರೆ ವಿಷಯ ಅಷ್ಟು ಸಲೀಸಾಗಿಲ್ಲ. ನಾನೂ ದಾವಣಗೆರೆಯವನೇ, ಸಂಜೆ ಮಿರ್ಚಿ-ಮಂಡಕ್ಕಿ ಗಾಡಿ ಹಾಕುತ್ತೇನೆ. ನಮ್ಮ ಸಾಲಿನಲ್ಲಿ ಯಾರಿಗೆ ನೋಟಿಸ್ ಬಂದರೂ ಓದಿ ಹೇಳುವ ಕೆಲಸ ನನ್ನ ತಲೆಗೇ ಬರುತ್ತದೆ. ಹಾಗಾಗಿ ಈ ಕಾಯ್ದೆ ಹೆಚ್ಚುಕಮ್ಮಿ ಬಾಯಿಪಾಠ ಆಗಿದೆ.

ಅಮ್ಮ ಬಹಳ ವರ್ಷದಿಂದ ಒಂದೇ ಜಾಗದಲ್ಲಿ ಇದ್ದಾರೆ, ಬೀದಿ ವ್ಯಾಪಾರಿಗಳ ಸರ್ವೆ ನಡೆದಾಗ ಊರಲ್ಲಿರಲಿಲ್ಲ, ಈಗ ಎಲ್ಲರನ್ನೂ ತೆಗೆಸುತ್ತಾರಂತೆ ಎಂಬ ಸುದ್ದಿ ಎಂದು ಬರೆದಿದ್ದೀರಿ. ಇದಕ್ಕೆ ಅನ್ವಯಿಸುವುದು 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ. ಆ ವರ್ಷ ಮೇ 1ರಿಂದ ಜಾರಿಯಲ್ಲಿದೆ. ಅದರ 3ನೇ ಸೆಕ್ಷನ್ ಪ್ರಕಾರ ಸರ್ವೆ ಮುಗಿದು ಎಲ್ಲರಿಗೂ ಮಾರಾಟದ ಪ್ರಮಾಣಪತ್ರ (ನಾವು ಕಾರ್ಡ್ ಅನ್ನುವುದು ಇದನ್ನೇ) ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ, ಬೇರೆ ಕಡೆಗೆ ಕಳಿಸುವಂತೆಯೂ ಇಲ್ಲ. ಕೇಳೋಕೆ ಚೆನ್ನಾಗಿದೆ. ಆದರೆ ಸರ್ವೆ ಆಗಿ, ಪಟ್ಟಿಯಲ್ಲಿ ಹೆಸರು ಬಿಟ್ಟುಹೋದವರ ಗತಿ? ಅಲ್ಲೇ ಜಗಳ ಶುರುವಾಗುವುದು. ಎಷ್ಟು ವರ್ಷದಿಂದ ನಿಂತಿದ್ದೀರಿ ಅನ್ನುವುದಕ್ಕಿಂತ ಕೈಯಲ್ಲಿ ಏನು ಕಾಗದ ಇದೆ ಅನ್ನುವುದೇ ಇಲ್ಲಿ ಜಾಸ್ತಿ ನಡೆಯುವುದು.

ಬಿಟ್ಟುಹೋದವರಿಗೆ ದಾರಿ ಇಲ್ಲ ಅಂತೇನೂ ಇಲ್ಲ. ಸರ್ವೆ ಐದು ವರ್ಷಕ್ಕೊಮ್ಮೆಯಾದರೂ ಆಗಬೇಕು. ಎರಡು ಸರ್ವೆಗಳ ನಡುವೆಯೂ ಅರ್ಜಿ ಹಾಕಬಹುದು, ಜಾಗದ ಸಾಮರ್ಥ್ಯ ನೋಡಿಕೊಂಡು ಕಾರ್ಡ್ ಕೊಡಬಹುದು ಎಂದು 4ನೇ ಸೆಕ್ಷನ್‌ನಲ್ಲೇ ಇದೆ. 'ಕೋಟಾ ಮುಗಿದಿದೆ' ಎಂದು ಯಾರಾದರೂ ಅಂದರೆ ಸುಮ್ನೆ ತಲೆ ಅಲ್ಲಾಡಿಸಿ ಬರಬೇಡಿ. ಊರಿನ ಜನಸಂಖ್ಯೆಯ ನೂರಕ್ಕೆ 2.5ರಷ್ಟು ವ್ಯಾಪಾರಿಗಳಿಗೆ ಜಾಗ ಮಾಡಿಕೊಡಬಹುದು ಎನ್ನುವುದು ಕಾಯ್ದೆಯ ಲೆಕ್ಕ. 2011ರ ಜನಗಣತಿಯಲ್ಲಿ ದಾವಣಗೆರೆ ನಗರದ ಜನಸಂಖ್ಯೆ ಸುಮಾರು 4.35 ಲಕ್ಷ. ಆ ಹಳೇ ಲೆಕ್ಕ ಹಿಡಿದರೂ ಹತ್ತು ಸಾವಿರ ದಾಟುತ್ತದೆ. ನಿಜವಾಗಿ ಎಷ್ಟು ಕಾರ್ಡ್ ಕೊಟ್ಟಿದ್ದೀರಿ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಕೇಳಿದರೆ ಯಾರೂ ಬೇಡ ಅನ್ನುವಂತಿಲ್ಲ.

ಅರ್ಜಿಯ ಜೊತೆಗೆ ಅಮ್ಮ ಅಲ್ಲೇ ವ್ಯಾಪಾರ ಮಾಡುತ್ತಿದ್ದರು ಎನ್ನುವುದಕ್ಕೆ ಏನು ಸಿಕ್ಕರೂ ಹಚ್ಚಿ. ಹಳೇ ಸುಂಕದ ರಸೀದಿ, ಸಂಘದ ಕಾಗದ, ಹಿಂದೆ ಅಂಗಡಿ ಬೋರ್ಡ್ ಕಾಣುವ ಹಾಗೆ ತೆಗೆದ ಗಾಡಿಯ ಫೋಟೊ. ಸುಂಕದ ಚೀಟಿಯನ್ನು ನಮ್ಮ ಜನ ಅಲ್ಲೇ ಹರಿದು ಬಿಸಾಡುತ್ತಾರೆ, ನೋಡಿದರೆ ಹೊಟ್ಟೆ ಉರಿಯುತ್ತದೆ. ಸರ್ವೆಯಲ್ಲಿ ಬಿಟ್ಟುಹೋದವರಿಗೆ ಪಿಎಂ ಸ್ವನಿಧಿ (ಬೀದಿ ವ್ಯಾಪಾರಿಗಳಿಗೆ ಕೇಂದ್ರದ ಸಾಲ ಯೋಜನೆ) ಸಾಲಕ್ಕಾಗಿ ಶಿಫಾರಸು ಪತ್ರ ಕೊಡುವ ವ್ಯವಸ್ಥೆಯೂ ಇದೆ. ಸಾಲ ಈಗ ಮೊದಲ ಕಂತಿಗೆ 15,000, ತೀರಿಸಿದರೆ 25,000, ಆಮೇಲೆ 50,000. ಸಾಲ ಬೇಡವಾದರೂ ಆ ಪತ್ರ ದಾಖಲೆಯಾಗಿ ಕೈಯಲ್ಲಿರಲಿ.

ಇನ್ನು ಗಾಡಿ ಎತ್ತಿಕೊಂಡು ಹೋಗುವ ವಿಚಾರ. ಕಾರ್ಡ್ ಇದ್ದವರಿಗೆ 30 ದಿನದ ನೋಟಿಸ್ ಕೊಡಲೇಬೇಕು. ಆ ಗಡುವು ಮುಗಿದ ಮೇಲೂ ಕದಲದಿದ್ದರೆ ಮಾತ್ರ ದಂಡ, ಜಪ್ತಿ. ದಂಡ ದಿನಕ್ಕೆ 250 ರೂಪಾಯಿವರೆಗೆ ಹಾಕಬಹುದು, ಆದರೆ ಜಪ್ತಿ ಮಾಡಿದ ಮಾಲಿನ ಬೆಲೆ ದಾಟುವಂತಿಲ್ಲ. ಜಪ್ತಿ ಮಾಡುವಾಗ ಏನೇನು ತೆಗೆದುಕೊಂಡೆವು ಎಂದು ಪಟ್ಟಿ ಬರೆದು, ಸಹಿ ಹಾಕಿ, ಒಂದು ಪ್ರತಿ ವ್ಯಾಪಾರಿಯ ಕೈಗೆ ಕೊಡಬೇಕು. ನನ್ನ ಪ್ರಕಾರ ಇಡೀ ಕಾಯ್ದೆಯಲ್ಲಿ ಇದಕ್ಕಿಂತ ಕೆಲಸಕ್ಕೆ ಬರುವ ಸಾಲಿಲ್ಲ. ಗಲಾಟೆಯಲ್ಲಿ ನಾವು ಕೂಗಾಡುತ್ತೇವೆ, ಕೈಮುಗಿಯುತ್ತೇವೆ, ಪಟ್ಟಿ ಕೇಳುವುದಿಲ್ಲ. ಆಮೇಲೆ ಬಿಡಿಸಿಕೊಳ್ಳಲು ಹೋದರೆ ತಕ್ಕಡಿ ಇರುತ್ತದೆ, ಬಟ್ಟು ಇರುವುದಿಲ್ಲ. ಸಪೋಟ ಎರಡು ಕ್ರೇಟ್ ಇದ್ದದ್ದು ಒಂದಾಗಿರುತ್ತದೆ. ಬರೆದದ್ದೇ ಇಲ್ಲ ಅಂದಮೇಲೆ ಯಾರನ್ನ ಕೇಳುವುದು? ಅಮ್ಮನಿಗೆ ಇದೊಂದನ್ನು ಹೇಳಿಕೊಡಿ. ಹಣ್ಣಿನಂತಹ ಕೆಡುವ ಮಾಲನ್ನು, ಶುಲ್ಕ ಕಟ್ಟಿ ಕೇಳಿದ ದಿನವೇ ವಾಪಸ್ ಕೊಡಬೇಕು. ಬೇರೆ ಮಾಲಿಗೆ ಎರಡು ಕೆಲಸದ ದಿನ.

ಗಾಡಿ ಯಾರ ನೆಲದ ಮೇಲೆ ನಿಂತಿದೆ ಅನ್ನುವುದನ್ನೂ ನೋಡಿ. ರೈಲ್ವೆ ಜಾಗಕ್ಕೆ ಈ ಕಾಯ್ದೆ ಅನ್ವಯಿಸುವುದೇ ಇಲ್ಲ. ಸ್ಟೇಷನ್ ಅಥವಾ ಅಶೋಕ ರಸ್ತೆ ಗೇಟಿನ ಆಸುಪಾಸಿನಲ್ಲಿ ಇದ್ದರೆ ಗಡಿ ಎಲ್ಲಿ ಮುಗಿಯುತ್ತದೆ ಎಂದು ಮೊದಲು ತಿಳಿದುಕೊಳ್ಳಿ.

ನಮ್ಮ ಕಡೆಯಿಂದಲೂ ತಪ್ಪು ನಡೆಯುತ್ತದೆ, ಮುಚ್ಚಿಡುವುದೇನಿಲ್ಲ. ಕಾರ್ಡನ್ನು ಒಳಬಾಡಿಗೆಗೆ ಕೊಡುವಂತಿಲ್ಲ, ಕೊಟ್ಟಿರುವವರು ಇದ್ದಾರೆ. ಹೊತ್ತು ಗೊತ್ತು ಮಾಡಿ ಕೊಟ್ಟ ಜಾಗದಲ್ಲಿ ಆ ಹೊತ್ತು ಮುಗಿದ ಮೇಲೆ ಮಾಲು ತೆಗೆಯಬೇಕು. ಟಾರ್ಪಾಲ್ ಹೊದಿಸಿ ರಾತ್ರಿಯಿಡೀ ಫುಟ್‌ಪಾತ್ ಮೇಲೇ ಬಿಟ್ಟು ಹೋದರೆ ನಡೆಯುವವರು ಬೈಯದೆ ಇನ್ನೇನು ಮಾಡುತ್ತಾರೆ? ಕಾರ್ಡಿನ ಷರತ್ತು ಪಾಲಿಸುವವರನ್ನು ಪೊಲೀಸರೂ ತಡೆಯುವಂತಿಲ್ಲ ಎಂದು 27ನೇ ಸೆಕ್ಷನ್ ಹೇಳುತ್ತದೆ. ಪಾಲಿಸದವರಿಗೆ ಆ ರಕ್ಷಣೆ ಇಲ್ಲ. ಅಮ್ಮನಿಗೆ ಹುಷಾರಿಲ್ಲದಾಗ ನೀವು ಗಾಡಿ ನೋಡಿಕೊಂಡರೆ ತೊಂದರೆಯಿಲ್ಲ, ಮನೆಯವರು ಮಾರಬಹುದು.

ಎಲ್ಲಿ ಮಾರಬಹುದು, ಎಲ್ಲಿ ಬೇಡ ಅನ್ನುವುದರಲ್ಲಿ ಪಟ್ಟಣ ಮಾರಾಟ ಸಮಿತಿಯ ಮಾತನ್ನು ಕೇಳಬೇಕು. ಪಾಲಿಕೆ ಆಯುಕ್ತರು ಅದರ ಅಧ್ಯಕ್ಷರು. ಕನಿಷ್ಠ ನೂರಕ್ಕೆ 40ರಷ್ಟು ಸದಸ್ಯರು ವ್ಯಾಪಾರಿಗಳೇ ಆರಿಸಿದವರಾಗಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ನಮ್ಮವರಿಗೆ ವಾರ್ಡಿನ ಮೆಂಬರ್ ಹೆಸರು ಗೊತ್ತಿರುತ್ತದೆ, ಈ ಸಮಿತಿಯಲ್ಲಿ ತಮ್ಮ ಪರವಾಗಿ ಕೂತವರು ಯಾರು ಅಂದರೆ ಮುಖ ಮುಖ ನೋಡುತ್ತಾರೆ. ಆ ಹೆಸರು ಕೇಳಿ ತಿಳಿದುಕೊಳ್ಳಿ. ರಸ್ತೆ ತೆರವಿನ ಸುದ್ದಿ ನಿಜವೋ ಗಾಳಿಮಾತೋ ಎಂದು ಅವರನ್ನೇ ಕೇಳಬಹುದು. ಸರ್ವೆಯಲ್ಲಿ ಗುರುತಾದ ಹಳೇ ಮಾರುಕಟ್ಟೆಯನ್ನು ವ್ಯಾಪಾರ ನಿಷೇಧ ವಲಯ ಎಂದು ಘೋಷಿಸುವಂತಿಲ್ಲ, ಅದೂ ನೆನಪಿರಲಿ.

ಅರ್ಜಿಯನ್ನು ಬಾಗಿಲಲ್ಲಿ ನಿಂತವರ ಕೈಗೆ ಕೊಟ್ಟು ಬರಬೇಡಿ. ಪಾಲಿಕೆ ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು ಇನ್ನೊಂದು ಪ್ರತಿಗೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಕೊಡಲ್ಲ ಅಂದರೆ ಕಾರಣ ಸಮೇತ ಬರೆದುಕೊಡಿ ಎನ್ನಿ. ಅದರ ಮೇಲೆ ಮೇಲ್ಮನವಿ ಹಾಕಲು 11ನೇ ಸೆಕ್ಷನ್ ಇದೆ. ಬಾಯಿಮಾತಿನ 'ಇಲ್ಲ' ಕೇಳಿಕೊಂಡು ಬಂದರೆ ಮೇಲ್ಮನವಿಗೆ ಹಚ್ಚಲು ಏನೂ ಇರುವುದಿಲ್ಲ.