ನದಿಯ ಹೆಸರು ಮಗುವಿಗೆ: ಶರಾವತಿ

ಪ್ರಶ್ನೆ: ಮೊಮ್ಮಗಳಿಗೆ ಶರಾವತಿ ಎಂದು ಹೆಸರಿಡುವ ಆಸೆ. ‘ಶರ ಅಂದರೆ ಬಾಣ, ಹೆಣ್ಣುಮಗುವಿಗೆ ಬೇಡ’ ಎನ್ನುತ್ತಾರೆ ಬೀಗರು. ‘ನದಿಯ ಹೆಸರು ಇಡಬಾರದೆಂದು ಶಾಸ್ತ್ರವೇ ಇದೆ’ ಎನ್ನುತ್ತಾರೆ ನೆಂಟರೊಬ್ಬರು. ಏನು ಮಾಡಲಿ?
— ಓದುಗರೊಬ್ಬರು, ಹೊನ್ನಾವರ

ಉತ್ತರ: ಧಾರಾಳವಾಗಿ ಇಡಿ. ಶರ ಎಂದರೆ ಬಾಣವೂ ಹೌದು, ನೀರಂಚಿನಲ್ಲಿ ಆಳೆತ್ತರ ಬೆಳೆಯುವ ಒಂದು ಜಾತಿಯ ಜೊಂಡುಹುಲ್ಲೂ ಹೌದು. ಅದರ ದಂಟು ನೆಟ್ಟಗೆ, ಹಗುರ. ತುದಿಗೆ ಮೊನೆ, ಬುಡಕ್ಕೆ ಗರಿ ಕಟ್ಟಿ ಬಾಣ ಮಾಡುತ್ತಿದ್ದರು. ಹುಲ್ಲಿನ ಹೆಸರೇ ಬಾಣಕ್ಕೂ ಬಂತು. ಸುಬ್ರಹ್ಮಣ್ಯನಿಗೆ ಶರವಣಭವ ಎಂಬ ಹೆಸರು ಬಂದದ್ದೂ ಇದೇ ಹುಲ್ಲಿನ ವನದಲ್ಲಿ ಹುಟ್ಟಿದ್ದರಿಂದ. ‘ವತೀ’ ಎಂದರೆ ಉಳ್ಳವಳು. ದಡದ ತುಂಬ ಜೊಂಡು ಇರುವವಳು ಶರಾವತಿ.

ಬಾಣದ ಅರ್ಥವನ್ನೇ ಹಿಡಿದರೂ ಬೀಗರು ಹೆದರಬೇಕಿಲ್ಲ. ಹೊಳೆ ಹುಟ್ಟುವುದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಸೀತೆಯ ಬಾಯಾರಿಕೆ ತಣಿಸಲು ರಾಮ ನೆಲಕ್ಕೆ ಬಾಣ ಬಿಟ್ಟಾಗ ನೀರು ಚಿಮ್ಮಿತೆಂಬುದು ಅಲ್ಲಿಯ ಸ್ಥಳಪುರಾಣ. ಅಂಬು ಎಂದರೆ ಕನ್ನಡದಲ್ಲಿ ಬಾಣ, ಸಂಸ್ಕೃತದಲ್ಲಿ ನೀರು. ಊರಿನ ಹೆಸರಿಗೆ ಎರಡೂ ಒಪ್ಪುತ್ತವೆ. ಯಾರನ್ನೂ ಕೊಲ್ಲದೆ ನೀರು ತಂದ ಬಾಣ ಇದು.

ಹೆಸರು ನಮ್ಮ ಹೊಳೆಯೊಂದರದ್ದೇ ಅಲ್ಲ. ಸಂಸ್ಕೃತದ ಹಳೆಯ ನಿಘಂಟು ಅಮರಕೋಶ ಭಾರತದ ಪೂರ್ವ ಭಾಗಕ್ಕೂ ವಾಯವ್ಯ ಭಾಗಕ್ಕೂ ಗಡಿಯೆಂದು ಹೇಳುವ ಶರಾವತಿ ಉತ್ತರದ ಬೇರೊಂದು ನದಿ. ಕಾಳಿದಾಸನ ರಘುವಂಶದಲ್ಲಿ ರಾಮ ಕುಶನಿಗೆ ಕುಶಾವತಿಯನ್ನೂ ಲವನಿಗೆ ಶರಾವತಿಯನ್ನೂ ಕೊಡುತ್ತಾನೆ. ಅಲ್ಲಿ ಅದು ಪಟ್ಟಣ.

ಒಂದು ಮಾತನ್ನು ಒತ್ತಿ ಹೇಳಬೇಕು: ‘ರಾ’ ದೀರ್ಘವನ್ನು ಬಿಡಬೇಡಿ. ಗುಣವತಿ, ಭಾಗ್ಯವತಿ ಎನ್ನುವಾಗ ದೀರ್ಘ ಬರುವುದಿಲ್ಲ, ಅವು ಬರಿಯ ವಿಶೇಷಣಗಳು. ಅಂಕಿತನಾಮವಾದಾಗ ಶರ, ವಂಶ ಮುಂತಾದ ಕೆಲವು ಶಬ್ದಗಳಿಗೆ ‘ವತೀ’ ಸೇರಿದರೆ ಹಿಂದಿನ ಸ್ವರ ದೀರ್ಘವಾಗಬೇಕೆಂದು ಪಾಣಿನಿ ಸೂತ್ರವನ್ನೇ ಮಾಡಿದ್ದಾನೆ (6.3.120). ಅರ್ಜಿಯಲ್ಲಿ ‘ಶರವತಿ’ ಎಂದು ಬರೆದರೆ ಅದು ಹೆಸರೇ ಆಗುವುದಿಲ್ಲ.

ನೆಂಟರು ಹೇಳಿದ ಶಾಸ್ತ್ರ ಇರುವುದು ನಿಜ. ನಕ್ಷತ್ರ, ಮರ, ನದಿಗಳ ಹೆಸರಿನ ಕನ್ಯೆಯನ್ನು ವರಿಸಬಾರದೆಂದು ಮನುಸ್ಮೃತಿಯ 3ನೇ ಅಧ್ಯಾಯದಲ್ಲಿದೆ. ಆದರೆ ರೋಹಿಣಿ, ರೇವತಿ, ತುಳಸಿ, ಗಂಗಾ, ಕಾವೇರಿ ಇಲ್ಲದ ಊರು ಯಾವುದು? ಆಚಾರ ಆ ಮಾತನ್ನು ಬಿಟ್ಟು ಎಷ್ಟೋ ಕಾಲವಾಯಿತು. ಹೆಣ್ಣುಮಗುವಿನ ಹೆಸರಿಗೆ ಬೆಸಸಂಖ್ಯೆಯ ಅಕ್ಷರಗಳಿರಬೇಕೆಂದು ಮನೆಯ ಸಂಸ್ಕಾರಗಳ ವಿಧಿ ಹೇಳುವ ಗೃಹ್ಯಸೂತ್ರದಲ್ಲಿದೆ. ಶರಾವತಿಗೆ 4 ಎಂದು ಯಾರಾದರೂ ತಕರಾರು ತೆಗೆದರೆ, ಸರಸ್ವತಿಗೂ 4 ಎಂದು ನೆನಪಿಸಿ. ನಕ್ಷತ್ರಾಕ್ಷರ ನೋಡುವವರು ಶ, ಸ ಎರಡನ್ನೂ ಒಂದೇ ಎಂದು ಎಣಿಸುವುದು ರೂಢಿ. ಆಗ ಇದು ಶತಭಿಷದ 2ನೇ ಪಾದಕ್ಕೆ ಸಲ್ಲುತ್ತದೆ. ಮಗುವಿನ ನಕ್ಷತ್ರ ಬೇರೆಯಾದರೆ ಜನ್ಮನಾಮ ಬೇರೆ ಇಟ್ಟು, ವ್ಯವಹಾರಕ್ಕೆ ಶರಾವತಿ ಇಟ್ಟುಕೊಳ್ಳಿ.

ಪ್ರಶ್ನೆ: ನಮ್ಮ ಮಗಳಿಗೂ ಇದೇ ಹೆಸರು. ಜನನ ಪ್ರಮಾಣಪತ್ರದಲ್ಲಿ ಹೆಸರಿನ ಜಾಗ ಖಾಲಿಯಿದೆ. ಇಂಗ್ಲಿಷಿನಲ್ಲಿ ಹೇಗೆ ಬರೆಸಬೇಕು?
— ಓದುಗರೊಬ್ಬರು, ಕಾರವಾರ

ಉತ್ತರ: ಜನನ ನೋಂದಣಿಯಾದ 12 ತಿಂಗಳೊಳಗೆ ಹೋದರೆ ಶುಲ್ಕವಿಲ್ಲದೆ ಹೆಸರು ಸೇರಿಸುತ್ತಾರೆ. ಆಮೇಲೆ 15 ವರ್ಷದವರೆಗೂ ಸೇರಿಸಬಹುದು, ವಿಳಂಬ ಶುಲ್ಕ ಕಟ್ಟಬೇಕು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಗೆ ಸೇರಿಸುವುದರಿಂದ ಹಿಡಿದು ಹಲವು ಕೆಲಸಗಳಿಗೆ ಹುಟ್ಟಿದ ದಿನದ ಪುರಾವೆ ಈ ಪತ್ರವೇ, ಹಾಗಾಗಿ ತಡ ಮಾಡಬೇಡಿ. ಮೊದಲಕ್ಷರಕ್ಕೆ ಬರೀ ‘ಎಸ್’ ಹಾಕಿದರೆ ‘ಸರಾವತಿ’ ಆದೀತು, ‘ಎಸ್‌ಎಚ್’ ಬರೆಸಿ. ‘ತಿ’ಗೆ ಗೋವಾ, ಮುಂಬೈ ಕಡೆ ಬರೀ ‘ಟಿ’ ಬರೆಯುತ್ತಾರೆ, ‘ಟಿಎಚ್’ ಕಂಡರೆ ‘ಥಿ’ ಎಂದು ಓದುತ್ತಾರೆ. ನಮ್ಮಲ್ಲಿ ಅದಕ್ಕೆ ತದ್ವಿರುದ್ಧ. ಮಗು ಓದುವುದು ಕರ್ನಾಟಕದಲ್ಲೇ ಆದರೆ ‘ಟಿಎಚ್’ ಒಳ್ಳೆಯದು. ಯಾವುದನ್ನೇ ಆರಿಸಿದರೂ ಆಧಾರ್, ಶಾಲೆಯ ದಾಖಲೆ ಎಲ್ಲದರಲ್ಲೂ ಅದೇ ಇರಲಿ. ಪತ್ರ ಕೈಗೆ ಬಂದ ಕೂಡಲೇ ಕೌಂಟರಿನ ಎದುರೇ ನಿಂತು ಕನ್ನಡದ ಸಾಲಿನಲ್ಲಿ ‘ರಾ’ ದೀರ್ಘ ಇದೆಯೇ ನೋಡಿಕೊಳ್ಳಿ.